ನಿಯಾನ್ ದುರ್ಗದಲ್ಲಿ ಮಾವನವರ ಪ್ರೂಫು

ಜಗತ್ತೇ ಬೆರಗಾಗಿ ಹಿರಿಯೂರಿನ ಕಡೆ ತಿರುಗಿ ನೋಡುವಂಥ ಕಂಪ್ಯೂಟರ್ ಆಟವೊಂದನ್ನು ಮಾಡಿಯೇ ತೀರುತ್ತೇನೆ, ಅದೂ ಒಬ್ಬನೇ ಮಾಡುತ್ತೇನೆ, ಯಾರ ಸಹಾಯವೂ ನನಗೆ ಬೇಡ! ಹೀಗೆಂದು ನಾನು ಶಪಥ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ, ಉಪ್ಪಿಟ್ಟಿನ ತಟ್ಟೆಯ ಮುಂದೆ, ಬಲಗೈ ಮೇಲೆತ್ತಿ. ಆ ಕೈಯಲ್ಲಿ ಉಪ್ಪಿಟ್ಟಿತ್ತು. ಅದರಲ್ಲಿ ಅರ್ಧ ನನ್ನ ಹೆಂಡತಿ ತೇಜಸ್ವಿನಿಯ ತಲೆಯ ಮೇಲೆ ಬಿತ್ತು.

"ಶಪಥ ಆಮೇಲ್ ಮಾಡೀರಂತೆ, ಮೊದ್ಲು ತಿನ್ರಿ," ಎಂದಳು ಅವಳು, ತಲೆ ಕೊಡವಿಕೊಂಡು.

ಜಪಾನಿನಲ್ಲೊಬ್ಬ, ಪೋಲೆಂಡಿನಲ್ಲೊಬ್ಬ ಮನೆಯ ಮೂಲೆಯಲ್ಲಿ ಕೂತು ಒಂಟಿಯಾಗಿ ಇಂಥ ಆಟ ಮಾಡಿ ಹೆಸರಾಗುತ್ತಾರಂತೆ. ಹಾಗಿರುವಾಗ ಕೊಟ್ರೇಶ್ ಎಂಬ ನನಗೇನು ಕಡಿಮೆ? ಹದಿನಾಲ್ಕು ವರ್ಷದಿಂದ ಫ್ಲೆಕ್ಸ್ ಅಂಗಡಿ ಇಟ್ಟು ಈ ಊರಿನ ಹುಟ್ಟುಹಬ್ಬ, ಮದುವೆ, ತಿಥಿ ಎಲ್ಲಕ್ಕೂ ಬ್ಯಾನರ್ ಮಾಡಿದ ಕೈ ಇದು! ಕರಿಯರನ್ನು ಬಿಳಿ ಮಾಡಿದ್ದೇನೆ, ಬೋಳುತಲೆಗೆ ಕೂದಲು ನೆಟ್ಟಿದ್ದೇನೆ, ಜನ್ಮದಲ್ಲಿ ನಗದವರನ್ನು ನಗಿಸಿದ್ದೇನೆ. ಇಷ್ಟೆಲ್ಲ ಮಾಡಿದವನಿಗೆ ಒಂದು ಆಟ ಯಾವ ಲೆಕ್ಕ?

ಆಟದ ಹೆಸರು 'ನಿಯಾನ್ ದುರ್ಗ'. ಕಾಲ ಕ್ರಿ.ಶ. ೨೧೯೦. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ತುಂಬ ಬಣ್ಣದ ನಿಯಾನ್ ದೀಪ. ಅರ್ಧ ಮನುಷ್ಯ, ಅರ್ಧ ಯಂತ್ರವಾದ ದುಷ್ಟರು ಮಾರಿಕಣಿವೆ ಅಣೆಕಟ್ಟಿನ ನೀರನ್ನೆಲ್ಲ ವಶಮಾಡಿಕೊಂಡಿದ್ದಾರೆ. ಕಬ್ಬಿಣದ ಕೈಯ ವೀರನೊಬ್ಬ ಒಂದೊಂದೇ ಸುತ್ತು ಗೆಲ್ಲುತ್ತ, ಶಕ್ತಿ ಗಳಿಸುತ್ತ ಹೋಗಿ ನೀರು ಬಿಡಿಸಿ ತರಬೇಕು. ಇಂಥದ್ದಕ್ಕೆ ಬಲ್ಲವರು ಸೈಬರ್‌ಪಂಕ್ ಎನ್ನುತ್ತಾರೆ. ಹೊಳೆಯುವ ಬೋರ್ಡು, ಕಪ್ಪು ಕನ್ನಡಕ, ಮೈತುಂಬ ಲೋಹ, ಮೇಲೆ ಸುರಿಯುವ ಮಳೆ. ನಮ್ಮ ಬಸ್ ಸ್ಟ್ಯಾಂಡಿನ ಮುಂದೆ ನಾನೇ ಕಟ್ಟಿಸಿರುವ ಯುವ ಮುಖಂಡರ ಹುಟ್ಟುಹಬ್ಬದ ಬ್ಯಾನರ್ ನೋಡಿ, ಇವೆಲ್ಲ ಆಗಲೇ ಅಲ್ಲಿವೆ! ಮಳೆಯೊಂದು ಬಿಟ್ಟು.

"ಚಿತ್ರ ಎಲ್ಲ ಪಿಕ್ಸೆಲ್ ಕಣೇ ತೇಜು. ಚೌಕದ ಚುಕ್ಕಿ ಒಂದೊಂದೇ ಜೋಡ್ಸಿ ಮಾಡೋದು," ಎಂದು ನಾನು ವಿವರಿಸಿದೆ.

"ಅಂದ್ರೆ ಕ್ರಾಸ್ ಸ್ಟಿಚ್ ಅನ್ರಿ. ನಾನು ಏಳನೇ ಕ್ಲಾಸ್‌ನಾಗೇ ಗಿಳಿ ಹಾಕಿದ್ದೆ."

"ನಿನ್ ಗಿಳಿ ಹಾರ್ತಿತ್ತೇನೆ? ನನ್ ಹೀರೋ ಓಡ್ತಾನೆ!"

"ಓಡ್ಲಿ ಬಿಡ್ರಿ. ಮುಂದಿನ್ ರೂಮ್ ಖಾಲಿ ಮಾಡ್ಕಂಡು ಓಡ್ಲಿ."

ಇಲ್ಲಿದೆ ನೋಡಿ ವ್ಯಾಜ್ಯದ ಬೇರು. ನಮ್ಮ ಮನೆಗೆ ರಸ್ತೆಯ ಕಡೆ ಬಾಗಿಲಿರುವ ಕೋಣೆ ಇರುವುದು ಒಂದೇ. ಅದರಲ್ಲಿ ನನ್ನ ಕಂಪ್ಯೂಟರ್ ಪ್ರತಿಷ್ಠಾಪನೆಯಾಗಿತ್ತು. ತೇಜಸ್ವಿನಿ ಬ್ಲೌಸ್ ಹೊಲಿಗೆ, ಕೊಕ್ಕೆ ಸೂಜಿಯ ಆರಿ ವರ್ಕ್ ಕಸೂತಿ ಎಲ್ಲ ಕಲಿತು ಎರಡು ವರ್ಷದಿಂದ ನಡುಮನೆಯ ಮೂಲೆಯಲ್ಲಿ, ಮಂಚದ ಮೇಲೆ ಕೂತು ಹೊಲಿಯುತ್ತಿದ್ದಳು. ಗಿರಾಕಿಗಳ ಬ್ಲೌಸುಗಳು ಕುಕ್ಕರಿನ ಡಬ್ಬದಲ್ಲಿದ್ದವು. ಆ ಕೋಣೆ ಸಿಕ್ಕರೆ ರಸ್ತೆಗೆ ಬೋರ್ಡು ಹಾಕಿ ಕೂರಬೇಕೆಂದು ಅವಳ ಆಸೆ. ಬೆಂಗಳೂರಿನಲ್ಲಿ ಸ್ವಂತವಾಗಿ ಆಟ ಮಾಡುವವರದೇ ಒಂದು ಮೇಳ ನಡೆಯುವುದಿತ್ತು. ಮೊದಲ ಸುತ್ತನ್ನು ಕಳಿಸಿದರೆ ತೀರ್ಪುಗಾರರು ಆಡಿ ನೋಡಿ, ಮೆಚ್ಚಿದರೆ ಮಳಿಗೆ ಕೊಡುತ್ತಾರೆ.

"ಆ ಮೇಳಕ್ಕೆ ನನ್ ಆಟ ಆಯ್ಕೆ ಆಗ್ಲಿಲ್ಲ ಅಂದ್ರೆ ಆಟಾನೂ ಅಳಿಸ್ತೀನಿ, ರೂಮೂ ನಿಂದೇ!" ಎಂದೆ. "ಆಯ್ಕೆ ಆದ್ರೆ ರೂಮ್ ನಂದು. ಮತ್ತೆ ತುಟಿ ಬಿಚ್ಚಂಗಿಲ್ಲ."

"ಉಪ್ಪಿಟ್ಟು ಮುಟ್ಟಿ ಹೇಳ್ರಿ."

ಮುಟ್ಟಿ ಹೇಳಿದೆ.

ಮೂರು ತಿಂಗಳು ಕಳೆಯಿತು. ಕೋಟೆ ಬಂತು, ದೀಪ ಬಂತು, ಮಳೆಯೂ ಬಂತು. ಬಾರದೇ ಹೋದದ್ದು ನಡಿಗೆ! ಒಬ್ಬ ಮನುಷ್ಯ ನಾಲ್ಕು ಹೆಜ್ಜೆ ನಡೆಯಬೇಕಾದರೆ ಎಂಟು ಚಿತ್ರ ಬರೆಯಬೇಕು. ನಾನು ಬರೆದ ವೀರ ಚಪ್ಪಲಿಯ ಉಂಗುಷ್ಠ ಕಿತ್ತುಹೋದವನಂತೆ ಕಾಲೆಳೆಯುತ್ತಿದ್ದ. ಆಗ ಹೊಳೆಯಿತು ಉಪಾಯ. ನಿಜವಾದ ಮನುಷ್ಯರ ವಿಡಿಯೊ ತೆಗೆದು, ಅದರ ಮೇಲೆ ಚುಕ್ಕಿ ಜೋಡಿಸಿದರಾಯಿತು! ಕೇಳಿ ತೆಗೆದರೆ ಜನ ನಾಟಕ ಮಾಡುತ್ತಾರೆ. ಆದ್ದರಿಂದ ಕೇಳದೆ ತೆಗೆದೆ. ಉಪ್ಪಿನಕಾಯಿ ಜಾಡಿಗಳ ನಡುವೆ ಕಿಟಕಿಯಲ್ಲಿ ಫೋನ್ ಇಟ್ಟು ಅಮಾಯಕನಂತೆ ಪೇಪರ್ ಓದುತ್ತ ಕೂತೆ.

ಪಕ್ಕದ ಮನೆಯ ಹುಲಿಗೆಮ್ಮನವರು ಬೆಳಿಗ್ಗೆ ಬಾಗಿಲಿಗೆ ನೀರು ಎರಚುವ ವೈಖರಿ ನೀವು ನೋಡಬೇಕು. ಬಿಂದಿಗೆ ಸೊಂಟಕ್ಕೆ, ಕೈ ಬೀಸಿದರೆ ನೀರು ಎದುರು ಮನೆಯ ಸ್ಕೂಟರಿಗೆ. ನೀರನ್ನು ಹಸಿರು ಬೆಂಕಿ ಮಾಡಿದೆ, ದುಷ್ಟೆ ಸಿದ್ಧ! ಅಂಗಡಿಯ ಪಕ್ಕ ವೆಲ್ಡಿಂಗ್ ಮಾಡುವ ನನ್ನ ಗೆಳೆಯ ಜಬೀವುಲ್ಲಾನಿಗೆ ಏನೂ ಬದಲಾವಣೆಯೇ ಬೇಕಾಗಲಿಲ್ಲ. ಮುಖಕ್ಕೆ ಕಬ್ಬಿಣದ ಮಾಸ್ಕು, ಕೈಯಲ್ಲಿ ನೀಲಿ ಕಿಡಿ. ಅವನು ಇಪ್ಪತ್ತು ವರ್ಷದಿಂದ ೨೧೯೦ರಲ್ಲೇ ಬದುಕುತ್ತಿದ್ದ. ಇನ್ನು ನಮ್ಮ ಮಾವನವರು, ಧರ್ಮಪುರದ ಶೇಂಗಾ ವ್ಯಾಪಾರಿ ಗಂಗಾಧರಪ್ಪನವರು. ಯುಗಾದಿಗೆ ಬಂದಾಗ ಅವರು ಹೆಗಲ ಟವೆಲ್ ತೆಗೆದು ಫಟಾರನೆ ಒದರಿ ಮತ್ತೆ ಹಾಕಿಕೊಳ್ಳುವುದನ್ನು ಸೆರೆಹಿಡಿದೆ. ಒದರಿದಾಗಲೆಲ್ಲ ಟವೆಲಿನಿಂದ ಕೆಂಪು ಕಿರಣ ಹಾರುವಂತೆ ಮಾಡಿದೆ.

ಎಲ್ಲಕ್ಕಿಂತ ಘೋರಳು ತೇಜಸ್ವಿನಿ! ಮನೆಯಲ್ಲಿ ವಾಷಿಂಗ್ ಮಷೀನು ಇದ್ದರೂ ರಗ್ಗು ಒಗೆಯುವುದು ಹಿತ್ತಲ ಕಲ್ಲಿನ ಮೇಲೆಯೇ. ನೀರು ಕುಡಿದ ರಗ್ಗನ್ನು ಹಗ್ಗದಂತೆ ತಿರುಚಿ, ತಲೆಯ ಮೇಲೆತ್ತಿ, ಧಡ್ ಎಂದು ಕಲ್ಲಿಗೆ ಅಪ್ಪಳಿಸಿದಾಗ ನಾನು ಕಿಟಕಿಯ ಒಳಗಿದ್ದೂ ಬಗ್ಗಿದೆ.

ನಾಯಕ ಯಾರೆಂದು ಕೇಳುವುದೇನು? ಟೆರೇಸಿನ ಮೇಲೆ ನಾನೇ ಓಡಿ ನಾನೇ ತೆಗೆದುಕೊಂಡೆ. ಆಮೇಲೆ ಹೊಟ್ಟೆಯಿಂದ ಇಪ್ಪತ್ತೆರಡು ಚುಕ್ಕಿ ಕಿತ್ತು ಎದೆಗೆ ಜೋಡಿಸಿದೆ. ಜಿಮ್ಮಿಗೆ ಹೋಗುವವರನ್ನು ಕಂಡರೆ ಈಗ ನನಗೆ ಕನಿಕರ.

ಇನ್ನೊಂದೇ ಕೆಲಸ ಬಾಕಿ. ಶತ್ರುವೋ ವೀರನೋ ಬಿದ್ದಾಗ ಪರದೆಯ ಮೇಲೆ ಏನಾದರೂ ಬರಬೇಕಲ್ಲ? ಹೊಸದಾಗಿ ಬರೆಯಲು ಪುರುಸೊತ್ತಿರಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ತಯಾರಾಗಿದ್ದ ಒಂದು ವಿನ್ಯಾಸ ಕಣ್ಣಿಗೆ ಬಿತ್ತು. ಮೊಟ್ಟೆಯಾಕಾರದ ಚೌಕಟ್ಟು, ಒಳಗೆ ಹೋದವರ ಮುಖ, ಎರಡು ಬದಿಗೆ ದೀಪ, ಮೇಲೆ ಹೂವಿನ ಹಾರ, ಹಾರದ ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗೆ ಹೆಸರು, ಅದರ ಕೆಳಗೆ ಆ ದಿನದ ತಾರೀಖು ತಾನಾಗಿ ಬಂದು ಕೂರುವಂತೆ ಎಂದೋ ಮಾಡಿಟ್ಟಿದ್ದೆ. ಅದನ್ನೇ ಚುಕ್ಕಿ ಮಾಡಿ ಆಟಕ್ಕೆ ಹಾಕಿದೆ. ಕೊಂದ ಮೇಲೆ ಹಾರ ಹಾಕಿ ಕೈಮುಗಿಯುವ ಸೈಬರ್‌ಪಂಕ್ ಆಟ ಪ್ರಪಂಚದಲ್ಲಿ ಇದೊಂದೇ ಇರಬೇಕು!

ಭಾನುವಾರ ಸಂಜೆ ಆರಕ್ಕೆ ಕಳಿಸುವ ಗಡುವು. ಶನಿವಾರ ಬೆಳಿಗ್ಗೆ ಜಬೀವುಲ್ಲಾನನ್ನು ಕರೆದು ಆಡಲು ಕೂರಿಸಿದೆ. ತನ್ನನ್ನೇ ಕಂಡು ಅವನ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಹೇಳದೆ ಕೇಳದೆ ದುಷ್ಟನನ್ನಾಗಿ ಮಾಡಿದ್ದಕ್ಕೆ ಒದೆಯುತ್ತಾನೆಂದು ನಾನು ಕುರ್ಚಿ ಹಿಂದಕ್ಕೆ ಎಳೆದುಕೊಂಡೆ.

"ಅರೇ ಕೊಟ್ರ, ನಾನ್ ಮೂರ್ ಏಟಿಗೇ ಸಾಯ್ತೀನೇನೋ? ದಿನಾ ಕಬ್ಬಿಣ ಎತ್ತೋನು ನಾನು! ಮೂರ್ ಏಟಿಗೆ?" ಎಂದ.

ಇಲ್ಲಿ ನನ್ನ ಕಸುಬಿನ ಗುಟ್ಟೊಂದನ್ನು ಹೇಳಬೇಕು. ಫ್ಲೆಕ್ಸ್ ಮಾಡುವವನು ಯಾರಿಗೂ ಇಲ್ಲ ಎನ್ನುವುದಿಲ್ಲ. ಫೋಟೊ ಸಣ್ಣದಾಯಿತು ಎಂದವನಿಗೆ ಎರಡಿಂಚು ಜಾಸ್ತಿ ಮಾಡುತ್ತೇವೆ. ಅವನ ಪಕ್ಕದವನು ಮುನಿಸಿಕೊಂಡರೆ ಅವನಿಗೂ ಎರಡಿಂಚು. ಕೊನೆಗೆ ಯಾರ ಹುಟ್ಟುಹಬ್ಬವೋ ಅವನಿಗೇ ಜಾಗವಿರುವುದಿಲ್ಲ, ಆದರೆ ಜಗಳವೂ ಇರುವುದಿಲ್ಲ. ಹದಿನಾಲ್ಕು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ? "ಅದಕ್ಕೇನ್ ಜಬೀ, ಆರ್ ಏಟ್ ಮಾಡಾಣ ಬಿಡು," ಎಂದು ಅವನ ಶಕ್ತಿಯನ್ನು ಮೂವತ್ತರಿಂದ ಅರವತ್ತಕ್ಕೆ ಏರಿಸಿದೆ. ಶಕ್ತಿ ಏರಿದಷ್ಟೂ ಅವರು ಕೊಡುವ ಏಟೂ ಬಲವಾಗುತ್ತದೆ.

ಅವನು ಹೋಗಿ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಮಧ್ಯಾಹ್ನ ಹುಲಿಗೆಮ್ಮನವರು ಮೊರ ಹಿಡಿದುಕೊಂಡೇ ಬಂದರು.

"ಏನಪ್ಪ ಕೊಟ್ರೇಶಪ್ಪ, ಆ ವೆಲ್ಡಿಂಗ್ ಜಬೀವುಲ್ಲಾಗೆ ಅರವತ್ತು, ನನಗೆ ಐವತ್ತಂತೆ? ಹತ್ತು ಹೆತ್ತೋಳು ಕಣಪ್ಪ ನಾನು!"

ಎಂಬತ್ತು ಮಾಡಿ ಕಳಿಸಿದೆ. ಅವರು ಹೊಸ್ತಿಲು ದಾಟುವಷ್ಟರಲ್ಲಿ ನನ್ನ ಹಿಂದೆ ಬಳೆ ಸದ್ದಾಯಿತು. ತಿರುಗಿದರೆ ತೇಜಸ್ವಿನಿ! ಪರದೆಯ ಮೇಲೆ ಅವಳೇ, ರಗ್ಗು ಎತ್ತಿದ ಭಂಗಿಯಲ್ಲಿ. ನನ್ನ ಕಥೆ ಮುಗಿಯಿತೆಂದುಕೊಂಡೆ.

"ರೀ, ಇದೇನಿದು?"

"ಅದು... ಕಲೆ ಕಣೇ."

"ನೈಟಿ!" ಎಂದು ಕೂಗಿದಳು. "ಲೋಕಕ್ಕೆಲ್ಲ ತೋರ್ಸೋ ಆಟದಾಗೆ ನನಗೆ ಹರಕ್ ನೈಟಿ ಹಾಕೀರಲ್ರಿ! ಇಳಕಲ್ ಸೀರೆ ಮೂರು ಇಟ್ಕಂಡು ನೈಟಿನಾಗೆ ನಿಂತ್ಕಬೇಕಾ ನಾನು? ಏಳ್ರಿ ಮೇಲೆ!"

ಎದ್ದೆ. ಅವಳು ಕೂತಳು. ಮೂಗಿನ ತುದಿಗೆ ಕನ್ನಡಕ ಏರಿತು. "ಸೆರಗು ಈ ಕಡೆ ಹಾರಿದ್ರೆ ರಗ್ಗು ಆ ಕಡೆ ಹೆಂಗ್ರಿ ಹೋಗ್ತೈತೆ? ಮೊಣಕೈ ಎರಡ್ ಚುಕ್ಕಿ ಉದ್ದ ಆಗೈತೆ. ಏಟು ಹಾಕೋ ಮುಂಚೆ ಒಂದ್ ಸಲ ಉಸಿರು ತಗಂತೀವಿ, ಅದೆಲ್ಲಿ?" ಎಂದು ಗೊಣಗುತ್ತ, ಗಿಳಿಗೆ ದಾರ ಹಾಕಿದ ಕೈಯಲ್ಲಿ ಒಂದೊಂದೇ ಚುಕ್ಕಿ ಕಿತ್ತು ಮತ್ತೆ ನೆಟ್ಟಳು. ಸಾಯಂಕಾಲದ ಹೊತ್ತಿಗೆ ಪರದೆಯ ಮೇಲೆ ಹಸಿರು ಇಳಕಲ್ ಸೀರೆ, ಕೆಂಪು ಸೆರಗು, ನೀರು ಚಿಮ್ಮಿಸುತ್ತ ಬರುವ ರಗ್ಗು. ನೋಡಿದ ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು. ಮೂರು ತಿಂಗಳಲ್ಲಿ ನನಗೆ ಬಾರದ್ದು ಅವಳಿಗೆ ಮೂರು ಗಂಟೆಯಲ್ಲಿ ಬಂದಿತ್ತು.

"ಹುಲಿಗೆಮ್ಮನೋರಿಗೆ ಎಂಬತ್ತಂತೆ, ನನಗೆಷ್ಟ್ರಿ?" ಎಂದಳು ಏಳುವಾಗ.

ಮುನ್ನೂರು ಮಾಡಿದೆ. ಮನೆಯಲ್ಲಿ ಊಟ ಮಾಡಬೇಕಲ್ಲ!

ಹೆಮ್ಮೆ ತಡೆಯಲಾರದೆ ಅವಳು ಅಂದೇ ಧರ್ಮಪುರಕ್ಕೆ ಫೋನ್ ಮಾಡಿ ಅಪ್ಪನಿಗೂ ಹೇಳಿಬಿಟ್ಟಳು. ಭಾನುವಾರ ಎಂಟು ಗಂಟೆಗೆ ಮಾವನವರ ಫೋನು.

"ಅಳಿಯಂದ್ರೇ, ಆಟದಾಗೆ ನನ್ನ ಹಾಕೀರಂತಲ್ಲ, ಸಂತೋಷ. ಹೆಸ್ರು ಹೆಂಗ್ ಹಾಕೀರಿ?"

'ಟವೆಲ್ ರಾಕ್ಷಸ' ಎಂದು ಹಾಕಿದ್ದೆ. "ಇನ್ನೂ ಹಾಕಿಲ್ಲ ಮಾವ," ಎಂದೆ.

"ಬರ್ಕಳ್ರಿ ಮತ್ತೆ. ಶ್ರೀ ಗಂಗಾಧರಪ್ಪನವರು, ಶೇಂಗಾ ವ್ಯಾಪಾರಿಗಳು, ಮಾಜಿ ನಿರ್ದೇಶಕರು, ಹಾಲಿನ ಸಂಘ, ಕೊಡುಗೈ ದಾನಿಗಳು. ಪ್ರೂಫು ನಮ್ಮೋರಿಗೆಲ್ಲ ತೋರ್ಸಿ ಆಮೇಲ್ ಮುಂದಕ್ ಹೋಗ್ರಿ. ನಿಮ್ ಮದ್ವೆ ಕಾರ್ಡ್‌ನಾಗೆ ನಮ್ ತಮ್ಮ ಮುರುಗಪ್ಪನ ಹೆಸ್ರು ಬಿಟ್ಟು ಆರು ವರ್ಷ ಮಾತು ಬಿಟ್ಟಿದ್ದ. ನಾನೂ ಹತ್ತರ ಬಸ್ಸಿಗೆ ಬರ್ತೀನಿ, ಕಣ್ಣಾರೆ ನೋಡಾಣ."

ಮಾವನವರದು ಗುಂಡಿ ಒತ್ತುವ ಹಳೆಯ ಫೋನು. ಆದರೆ 'ಧರ್ಮಪುರ ಬಂಧು ಬಳಗ' ಎಂಬ ವಾಟ್ಸಾಪ್ ಗುಂಪಿನಲ್ಲಿ ಅವರ ಕಡೆಯವರೆಲ್ಲ ಇದ್ದರು. ಹೆಸರು, ಬಿರುದು ಬರುವ ಜಾಗ ಇಡೀ ಆಟದಲ್ಲಿ ಒಂದೇ, ಶತ್ರು ಬಿದ್ದಾಗ ಬರುವ ಪರದೆ. ಅಲ್ಲಿ ಅವಸರದಲ್ಲಿ ಟೈಪ್ ಮಾಡಿ, ಚಿತ್ರ ತೆಗೆದು, ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಮಾಡುವಂತೆಯೇ ಹತ್ತೂಕಾಲಿಗೆ ಗುಂಪಿಗೆ ಕಳಿಸಿದೆ. ಕೆಳಗೆ ನನ್ನ ಎಂದಿನ ಒಕ್ಕಣೆ: 'ಪ್ರೂಫ್ ಕಳಿಸಿದೆ. ಹೆಸರು, ದಿನಾಂಕ ಸರಿ ಇದೆಯೇ ನೋಡಿ ತಿಳಿಸಿ.'

ಕಳಿಸಿ, ಫೋನನ್ನು ಸದ್ದಿಲ್ಲದಂತೆ ಮಾಡಿ, ಮಾವನವರ ಶಕ್ತಿಯನ್ನು ಐನೂರಕ್ಕೆ ಏರಿಸುವ ಕೆಲಸದಲ್ಲಿ ಮುಳುಗಿದೆ. ಮಗಳಿಗಿಂತ ಅಪ್ಪ ಕಡಿಮೆಯಾದರೆ ಚೆನ್ನಾಗಿರುವುದಿಲ್ಲ. ಆ ಹೊತ್ತಿಗೆ ಗುಂಪಿನಲ್ಲಿ ಓಂ ಶಾಂತಿಗಳ ಸುರಿಮಳೆ! ಹೊಳಲ್ಕೆರೆಯವರು 'ಹೊರಟೆವು' ಎಂದರು. ಹೊಸದುರ್ಗದಿಂದ ಮುರುಗಪ್ಪನವರು 'ಅಣ್ಣಾ' ಎಂದಷ್ಟೇ ಬರೆದು ಹನ್ನೊಂದು ಅಳುವ ಮುಖ ಹಾಕಿದರು. ನನಗೆ ಒಂದೂ ಗೊತ್ತಾಗಲಿಲ್ಲ. ಮಾವನವರಿಗೆ ಫೋನ್ ಮಾಡಿದವರಿಗೆ ಸ್ವಿಚ್ ಆಫ್. ಕಳ್ಳರ ಭಯಕ್ಕೆ ಬಸ್ಸಿನಲ್ಲಿ ಅವರು ಫೋನ್ ಆರಿಸಿ ಒಳಜೇಬಿಗೆ ಹಾಕುತ್ತಾರೆ. ತೇಜಸ್ವಿನಿಗೆ ಯಾರೂ ಮಾಡಲಿಲ್ಲ. ಹೆತ್ತ ಮಗಳ ಹತ್ತಿರ ಫೋನಿನಲ್ಲಿ ಏನೆಂದು ಕೇಳುವುದು? ಮೊದಲು ಹಿರಿಯೂರಿಗೆ ಹೋಗಿ ಅವಳನ್ನು ಕರೆದುಕೊಂಡೇ ಧರ್ಮಪುರಕ್ಕೆ ಹೋಗಾಣ ಎಂದು ತೀರ್ಮಾನವಾಯಿತಂತೆ.

ಮಾವನವರು ಹನ್ನೆರಡಕ್ಕೆ ಬಂದರು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಬಳಿದುಕೊಂಡು, ಎರಡು ಮುದ್ದೆ ಉಂಡರು. "ಊಟದ ಭಾರ ಇಳೀಲಿ, ಆಮೇಲ್ ಆಟ ನೋಡಾಣ," ಎಂದು ಮುಂದಿನ ಕೋಣೆಯ ಗೋಡೆಗೆ ದಿಂಬು ಕೊಟ್ಟು, ಚಕ್ಕಳಮಕ್ಕಳ ಹಾಕಿ, ಒರಗಿ ಕೂತವರು ಹಾಗೇ ಕಣ್ಣು ಮುಚ್ಚಿದರು.

ನಮ್ಮ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ ಕೂರಿಸುತ್ತಾರೆ!

ಎರಡು ಗಂಟೆಗೆ ಬಾಗಿಲ ಮುಂದೆ ಟೆಂಪೊ ನಿಂತಿತು. ಹದಿನಾಲ್ಕು ಜನ ಇಳಿದರು. ಮುಂದೆ ಮುರುಗಪ್ಪನವರು, ಕೈಯಲ್ಲಿ ಮೊಳದುದ್ದವಲ್ಲ, ಮಾರುದ್ದದ ಸೇವಂತಿಗೆ ಹಾರ. ರಸ್ತೆಯ ಕಡೆಯ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವರೇ ಕೂತಿದ್ದ ಅಣ್ಣನನ್ನು ನೋಡಿದರು.

"ಅಯ್ಯೋ ಅಣ್ಣಾ! ಇಲ್ಲೇ ತಂದ್ ಕೂರ್ಸ್ಯಾರಲ್ಲೋ!"

ಹಾರ ಮಾವನವರ ಕೊರಳಿಗೆ ಬಿತ್ತು. ಹೆಂಗಸರು ಗೋಳೋ ಎಂದರು. ಅಡುಗೆಮನೆಯಿಂದ ತೇಜಸ್ವಿನಿ ಓಡಿ ಬಂದಳು, ಕಂಪ್ಯೂಟರಿನ ಹಿಂದಿನಿಂದ ನಾನು ಎದ್ದೆ, ಮಾವನವರು ಕಣ್ಣು ಬಿಟ್ಟರು. ಕೊರಳ ಹಾರವನ್ನು ಮುಟ್ಟಿ ನೋಡಿಕೊಂಡರು. ಸುತ್ತ ನಿಂತ ನೆಂಟರನ್ನು ನೋಡಿದರು. ಅವರ ಮುಖದ ಮೇಲೆ ನಾಚಿಕೆ, ನಗು ಎರಡೂ ಬಂದವು.

"ಏ ಮುರುಗ, ಹಾರ ಗೀರ ಎಲ್ಲ ಯಾಕ್ರಪ್ಪ? ಬರೀ ಒಂದ್ ಆಟದಾಗೆ ಬಂದೀನಿ ಅಷ್ಟೆ!"

ಮುರುಗಪ್ಪನವರು ಇದ್ದಲ್ಲೇ ಕುಸಿದು ಕೂತರು. ಹೊಳಲ್ಕೆರೆಯ ಅತ್ತಿಗೆಯೊಬ್ಬರು ಹಿಮ್ಮುಖವಾಗಿ ಓಡಿ, ಗಲಾಟೆ ಕೇಳಿ ಬಂದ ಹುಲಿಗೆಮ್ಮನವರಿಗೆ ಡಿಕ್ಕಿ ಹೊಡೆದರು. ಐದು ನಿಮಿಷ ಯಾರು ಅಳುತ್ತಿದ್ದಾರೆ, ಯಾರು ಬೈಯುತ್ತಿದ್ದಾರೆ ಒಂದೂ ತಿಳಿಯಲಿಲ್ಲ. ನೀರು ಕುಡಿದು ಉಸಿರು ಬಂದ ಮೇಲೆ ಮುರುಗಪ್ಪನವರು ಫೋನ್ ತೆಗೆದು ಎಲ್ಲರಿಗೂ ತೋರಿಸಿದರು. ದೀಪ, ಹಾರ, ಟವೆಲು, ಮೀಸೆ, ಇವತ್ತಿನ ತಾರೀಖು.

"ರೀ!" ಎಂದಳು ತೇಜಸ್ವಿನಿ. ಮದುವೆಯಾದ ಮೇಲೆ ಆ ಒಂದಕ್ಷರವನ್ನು ಅವಳು ಲಕ್ಷ ಸಲ ಹೇಳಿದ್ದಾಳೆ. ಆ ಥರ ಎಂದೂ ಹೇಳಿರಲಿಲ್ಲ. ಹದಿನೇಳು ಜೊತೆ ಕಣ್ಣು ನನ್ನ ಮೇಲೆ. ಬದುಕಿರುವ ಮಾವನಿಗೆ ಶ್ರದ್ಧಾಂಜಲಿ ಹಾಕಿದ ಅಳಿಯ! ಧರ್ಮಪುರದ ಬಸ್ ಹತ್ತುವ ಮುಖ ನನಗೆ ಇನ್ನು ಈ ಜನ್ಮದಲ್ಲಿಲ್ಲ ಎನ್ನಿಸಿತು. ನಿಜ ಹೇಳುತ್ತೇನೆ, ನನಗೆ ಅಳು ಬಂದಿತ್ತು.

ಮಾವನವರು ಫೋನನ್ನು ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ಓದಿದರು. ಮುಖ ಗಂಟಿಕ್ಕಿತು.

"ಅಳಿಯಂದ್ರೇ."

"ಮಾವ, ತಪ್ಪಾಯ್ತು ಮಾವ..."

"ತಪ್ಪಲ್ದೆ ಇನ್ನೇನು? 'ಕೊಡುಗೈ ದಾನಿಗಳು' ಬಿಟ್ಟೇ ಹೋಗೈತಲ್ರಿ!"

ನಾನು ಅವರ ಕಾಲಿಗೆ ಬಿದ್ದೆ. ಬಿದ್ದಲ್ಲಿಂದಲೇ "ಈಗ್ಲೇ ಸೇರಿಸ್ತೀನಿ ಮಾವ," ಎಂದೆ.

"ಅದಿರ್ಲಿ ಬಿಡಣ್ಣ," ಎಂದು ಮುರುಗಪ್ಪನವರು ಎದ್ದು ನಿಂತರು. "ಮದ್ವೆ ಕಾರ್ಡ್‌ನಾಗೂ ನನ್ ಬಿಟ್ರಿ. ಈಗ ಆಟದಾಗೂ ಬಿಟ್ಟೀರಿ. ಹೊಸದುರ್ಗದಿಂದ ದಾರಿ ಉದ್ದಕ್ಕೂ ಅತ್ಕಂಡ್ ಬಂದೀನಿ, ಬರಿಗೈಲಿ ಹೋಗಾದಿಲ್ಲ. ನನ್ನೂ ಹಾಕ್ರಿ."

"ನಮ್ಮುನ್ನೂ!" ಎಂದಿತು ಹೊಳಲ್ಕೆರೆ.

ಗಡಿಯಾರ ನೋಡಿದೆ. ಎರಡೂವರೆ! ಆರಕ್ಕೆ ಕಳಿಸದಿದ್ದರೆ ಆಟವೂ ಹೋಯಿತು, ಕೋಣೆಯೂ ಹೋಯಿತು. ಆಗುವುದಿಲ್ಲ ಎಂಬ ಐದಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಬಾಯಿಂದ ಹೊರಗೆ ಬಂದದ್ದು, "ಅದಕ್ಕೇನ್ರಿ, ಹಾಕಾಣ, ಸಾಲಾಗಿ ನಿಂತ್ಕಳ್ರಿ." ಹದಿನಾಲ್ಕು ವರ್ಷದ ಕಸುಬು!

ಹದಿನಾಲ್ಕು ಜನರನ್ನೂ ಹಿತ್ತಲಲ್ಲಿ ನಡೆಸಿ ವಿಡಿಯೊ ತೆಗೆದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಚಿತ್ರ ಬರೆಯಲು ಸಮಯವೆಲ್ಲಿದೆ? ಒಂದೇ ಮೈಗೆ ಬೇರೆ ಬೇರೆ ಪೇಟ, ಸೀರೆ, ಮೀಸೆ ಅಂಟಿಸಿದೆ. ಎಲ್ಲರನ್ನೂ ಮೊದಲ ಬೀದಿಯಲ್ಲೇ ನಿಲ್ಲಿಸಬೇಕಾಯಿತು, ಎರಡನೆಯ ಬೀದಿಗೆ ಹೋಗಲು ಯಾರೂ ಒಪ್ಪಲಿಲ್ಲ. ಬ್ಯಾನರಿನಲ್ಲಿ ಫೋಟೊ ಜೋಡಿಸುವ ಶಾಸ್ತ್ರವೇ ಇಲ್ಲೂ ನಡೆಯಿತು. ಹಿರಿಯರು ಮಧ್ಯೆ, ಮುರುಗಪ್ಪನವರು ಅಣ್ಣನ ಬಲಕ್ಕೆ, ಅವರ ಶಕ್ತಿ ನಾನೂರ ತೊಂಬತ್ತೊಂಬತ್ತು.

"ತೇಜಿ ಎಲ್ಲಿ ನಿಂತ್ಕಬೇಕು?" ಎಂದರು ಯಾರೋ.

"ಮನೆ ಮಗಳು ಬಾಗ್ಲಾಗೆ ನಿಂತ್ಕಬೇಕಪ್ಪ," ಎಂದು ಮಾವನವರು ತೀರ್ಪು ಕೊಟ್ಟರು. "ಬಂದೋರ್ನ ಮೊದ್ಲು ಮಾತಾಡ್ಸೋಳು ಅವಳೇ."

ಹಾಗೆ ನಿಯಾನ್ ದುರ್ಗದ ಹೆಬ್ಬಾಗಿಲಲ್ಲಿ, ಅತಿಥಿ ಸತ್ಕಾರಕ್ಕೆ, ಒದ್ದೆ ರಗ್ಗಿನೊಂದಿಗೆ ತೇಜಸ್ವಿನಿ ನಿಂತಳು. ಐದೂಕಾಲಿಗೆ ಆಡಿ ನೋಡಿದೆ. ಕಬ್ಬಿಣದ ಕೈಯ ವೀರ ಬಾಗಿಲಿಗೆ ಬಂದ. ಸೆರಗು ಹಾರಿತು. ರಗ್ಗು ಮೇಲೆದ್ದಿತು. ಧಡ್! ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾನು, ಹಾರದೊಂದಿಗೆ. ಹನ್ನೊಂದು ಸಲ ಆಡಿದೆ, ಹನ್ನೊಂದು ಸಲವೂ ಸ್ವರ್ಗಸ್ಥನಾದೆ. ಬಾಗಿಲು ದಾಟಲಿಲ್ಲ. ಯಾರದಾದರೂ ಶಕ್ತಿಯನ್ನು ಕದ್ದು ಇಳಿಸೋಣವೆಂದರೆ ಕುರ್ಚಿಯ ಹಿಂದೆ ಎಲ್ಲರೂ ಸಾಕ್ಷಾತ್ ನಿಂತಿದ್ದಾರೆ, ಪ್ರತಿ ಏಟಿಗೂ ಚಪ್ಪಾಳೆ ತಟ್ಟುತ್ತಿದ್ದಾರೆ! ಜಬೀವುಲ್ಲಾ ಬಾಗಿಲಲ್ಲಿ ನಿಂತು ಸೀಟಿ ಹೊಡೆಯುತ್ತಿದ್ದ. ಆರಕ್ಕೆ ನಾಲ್ಕು ನಿಮಿಷವಿದ್ದಾಗ ಕಣ್ಣು ಮುಚ್ಚಿ ಕಳಿಸಿಬಿಟ್ಟೆ. ಆಡುವವನು ಎರಡನೆಯ ಸೆಕೆಂಡಿಗೇ ಸಾಯುವ ಆಟವನ್ನು ಯಾವ ಮೇಳದವರು ಆರಿಸುತ್ತಾರೆ?

ಟೆಂಪೊ ಹತ್ತುವಾಗ ಮಾವನವರು ಕೊರಳ ಹಾರ ತೆಗೆದರು. "ಒಂದ್ಸಲ ತಂದಿದ್ದು ವಾಪಸ್ ಒಯ್ಯಬಾರ್ದು," ಎಂದು ನನ್ನ ಕೊರಳಿಗೆ ಹಾಕಿ ಹೋದರು.

ಮರುದಿನದಿಂದ ತೇಜಸ್ವಿನಿ ಟೇಪು ಹಿಡಿದು ಕೋಣೆ ಅಳೆಯತೊಡಗಿದಳು. ಮಷೀನು ಇಲ್ಲಿ, ಕನ್ನಡಿ ಅಲ್ಲಿ. ನಾನು ಕಂಡೂ ಕಾಣದವನಂತೆ ಕಾಲೆತ್ತಿ ಅವಳ ಟೇಪಿಗೆ ದಾರಿ ಬಿಡುತ್ತಿದ್ದೆ. ಮೂರು ವಾರವಾದ ಮೇಲೆ ಮೇಳದಿಂದ ಇಮೇಲ್ ಬಂತು. ಇಂಗ್ಲಿಷಿನಲ್ಲಿತ್ತು. ಮೊದಲ ಸಾಲಿನಲ್ಲೇ 'ಅಭಿನಂದನೆ' ಎಂದು ಕಂಡು ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ.

"ತೇಜೂ! ಆಯ್ಕೆ ಆತು ಕಣೇ! ರೂಮ್ ನಂದು! ತುಟಿ ಬಿಚ್ಚಂಗಿಲ್ಲ!"

"ಇಳ್ದು ಪೂರ್ತಿ ಓದ್ರಿ," ಎಂದಳು ಅವಳು, ತುಟಿ ಬಿಚ್ಚಿ.

ಪೂರ್ತಿ ಓದಿದೆ. ನಿಮ್ಮ ನಾಯಕ ತೀರಾ ಸಪ್ಪೆ, ಅವನಾಗಿ ಆಡಲು ನಮ್ಮ ಹನ್ನೆರಡು ತೀರ್ಪುಗಾರರಲ್ಲಿ ಒಬ್ಬರಿಗೂ ಮನಸ್ಸಾಗಲಿಲ್ಲ. ಆದರೆ ಬಾಗಿಲಲ್ಲಿರುವ ಹಸಿರು ಸೀರೆಯ ಮಹಿಳೆಯ ಏಟು ನೋಡಲೆಂದೇ ಒಬ್ಬೊಬ್ಬರೂ ಬೇಕಂತಲೇ ಇಪ್ಪತ್ತು ಸಲ ಸತ್ತರು. ಇಂಥ ಚಲನೆಯನ್ನು ಬರೆದ ಕೈಗೆ ನಮಸ್ಕಾರ. ದಯವಿಟ್ಟು ಆ ಮಹಿಳೆಯನ್ನೇ ನಾಯಕಿಯನ್ನಾಗಿ ಮಾಡಿ, ಮಳಿಗೆ ಕೊಡುತ್ತೇವೆ. ಇಲ್ಲದಿದ್ದರೆ ಕ್ಷಮಿಸಿ.

ನಾನು ಕುರ್ಚಿಯಿಂದ ಇಳಿದೆ. ಇಡೀ ಆಟ ಈಗ ಅವಳ ಒಂದು ಮಾತಿನ ಮೇಲೆ ನಿಂತಿತ್ತು. ನಾಯಕಿ ಎಂದರೆ ಸುಮ್ಮನೆಯೇ? ಓಡಬೇಕು, ಹಾರಬೇಕು, ನೂರಾರು ಚಿತ್ರ ಬೇಕು. ಅವನ್ನು ಬರೆಯುವ ಕೈ ಯಾವುದೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ತೇಜು, ನೀನು ಮನಸ್ ಮಾಡಿದ್ರೆ..."

"ಮಾಡ್ತೀನಿ ಬಿಡ್ರಿ. ಆದ್ರೆ ನಾಯಕಿ ಅಂದ್ಮೇಲೆ ಅವಳಿಗೊಂದ್ ರೂಮು ಬ್ಯಾಡೇನ್ರಿ?"

ಪಂದ್ಯ ಗೆದ್ದವನು ನಾನು. ಇದನ್ನು ದಯವಿಟ್ಟು ಎಲ್ಲರೂ ಗಮನಿಸಬೇಕು. ಈಗ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಕನ್ನಡಿ, ರಸ್ತೆಗೆ 'ತೇಜಸ್ವಿನಿ ಬ್ಲೌಸ್ ಮತ್ತು ಆರಿ ವರ್ಕ್ಸ್' ಎಂಬ ಬೋರ್ಡು ಇವೆ. ಬೋರ್ಡು ಮಾಡಿದವನೂ ನಾನೇ, ಅಕ್ಷರ ಸಣ್ಣದಾಯಿತೆಂದು ಎರಡು ಸಲ ವಾಪಸ್ ಬಂತು. ನನ್ನ ಕಂಪ್ಯೂಟರ್ ಮೆಟ್ಟಿಲ ಕೆಳಗೆ, ಗ್ಯಾಸ್ ಸಿಲಿಂಡರ್ ಪಕ್ಕದಲ್ಲಿದೆ. ತಲೆ ಎತ್ತಿದರೆ ಮೆಟ್ಟಿಲು ತಾಗುತ್ತದೆ.

ನಿನ್ನೆ ಅವಳು ಗಿರಾಕಿಯ ತೋಳಿನ ಅಳತೆ ಬರೆದುಕೊಳ್ಳುತ್ತಿದ್ದಾಗ, ಮೆಟ್ಟಿಲ ಕೆಳಗಿನಿಂದ ತಲೆ ಹೊರಗೆ ಹಾಕಿ ಕೇಳಿದೆ.

"ಅಲ್ಲ ಕಣೇ, ನೀನು ನಾಯಕಿ ಆದೆ. ಮಾವನೋರಿಗೆ ಐನೂರು ಐತೆ, ಮುರುಗಪ್ಪನೋರಿಗೆ ನಾನೂರ ತೊಂಬತ್ತೊಂಬತ್ತು ಐತೆ. ಇಷ್ಟೆಲ್ಲ ಮಾಡಿದ ನನಗೆ ಆಟದಾಗೆ ಒಂದು ಜಾಗ ಬ್ಯಾಡವೇ?"

ಅವಳು ಪೆನ್ಸಿಲ್ ಕಿವಿಗೆ ಸಿಗಿಸಿಕೊಂಡು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದಳು.

"ಐತಲ್ರಿ! ಹೊಸದಾಗಿ ಆಡಾಕೆ ಬಂದೋರಿಗೆ ಹೆಂಗ್ ಹೊಡೀಬೇಕು ಅಂತ ಮೊದ್ಲು ಕಲಿಸ್ಬೇಕಲ್ಲ, ಅದಕ್ಕೊಬ್ರು ಬೇಕು. ತಿರುಗಿ ಹೊಡೀಬಾರ್ದು, ಎದುರು ಮಾತಾಡ್ಬಾರ್ದು, ಸುಮ್ಕೆ ನಿಂತ್ಕಂಡು ಏಟು ತಿನ್ಬೇಕು. ಅಲ್ಲಿ ನಿಂತ್ಕಳ್ರಿ. ನಿಮಗೆ ಅಭ್ಯಾಸಾನೂ ಐತೆ!"